ಲೆಕ್ಕದ ಪುಸ್ತಕ ಯಾರ ಮುಂದೆ ಬಿಚ್ಚಲಿ?

ಈ ಸಲ ಬಂದ ಕಾಗದಗಳನ್ನು ಮೇಜಿನ ಮೇಲೆ ಹರವಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಸಾಲ ಎಲ್ಲಿ ಸಿಗುತ್ತದೆ ಅಂತ ಯಾರೂ ಕೇಳಿಲ್ಲ. ಯಾರ ಹತ್ತಿರ ಮಾತಾಡಲಿ ಅಂತ ಕೇಳಿದ್ದಾರೆ. ಹೊಸ ಓದುಗರಿಗೆ ನನ್ನ ಪರಿಚಯ: 1988ರಲ್ಲಿ ಪೀಣ್ಯ ಎರಡನೇ ಹಂತದಲ್ಲಿ ಎರಡು ಹಳೇ ಲೇತ್ ಮಷಿನ್ ಇಟ್ಟುಕೊಂಡು ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ, ಶುರು ಮಾಡಿದೆ. 2017ರಲ್ಲಿ ಅಣ್ಣನ ಮಗನ ಕೈಗೆ ಬೀಗದ ಕೈ ಕೊಟ್ಟು ಹೊರಬಂದೆ. ನಡುವೆ ಎರಡು ಸಲ ಮುಳುಗುವುದರಲ್ಲಿದ್ದೆ. ಉತ್ತರ ಕೊಡಲು ನನಗಿರುವ ಅರ್ಹತೆ ಅಷ್ಟೇ.

ಪ್ರಶ್ನೆ: ಸರ್, ನನ್ನ ವಯಸ್ಸು 46. ತುಮಕೂರಿನ ಅಂತರಸನಹಳ್ಳಿಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಘಟಕ ಇದೆ. 22 ಜನ ಕೆಲಸಕ್ಕಿದ್ದಾರೆ. ನಮ್ಮ ಮಾಲಿನ ಮುಕ್ಕಾಲು ಪಾಲು ತೆಗೆದುಕೊಳ್ಳುವ ಗಿರಾಕಿ ನಾಲ್ಕು ತಿಂಗಳಿಂದ ದುಡ್ಡು ಕೊಟ್ಟಿಲ್ಲ. ಬಾಕಿ 41 ಲಕ್ಷ. ಬ್ಯಾಂಕಿನ ಸಿಸಿ ಲಿಮಿಟ್ (ವ್ಯಾಪಾರಕ್ಕೆ ಬೇಕಾದಾಗ ತೆಗೆಯುವ ಸಾಲದ ಮಿತಿ) ತುಂಬಿದೆ. ಹೋದ ತಿಂಗಳ ಸಂಬಳವನ್ನು ಹೆಂಡತಿಯ ಬಳೆ ಅಡ ಇಟ್ಟು ಕೊಟ್ಟೆ. ಬಳೆ ಲಾಕರ್‌ನಲ್ಲಿದೆ ಅಂತ ಅವಳಿಗೆ ಹೇಳಿದ್ದೇನೆ. ಪಾರ್ಟ್ನರ್ ನನ್ನ ಭಾವಮೈದ. ಅವನಿಗೆ ಹೇಳಿದರೆ ಮಾವನ ಮನೆಗೆಲ್ಲ ಗೊತ್ತಾಗುತ್ತದೆ. ಆಡಿಟರ್ ‘ನೋಡೋಣ’ ಅಂತಾರೆ. ಬೆಂಗಳೂರಿನಲ್ಲಿ ಉದ್ಯಮಿಗಳೇ ಒಬ್ಬರಿಗೊಬ್ಬರು ಸಲಹೆ ಕೊಡುವ ಗುಂಪುಗಳಿವೆಯಂತೆ, ವರ್ಷಕ್ಕೆ ಫೀಸು ಕಟ್ಟಬೇಕಂತೆ. ಸೇರಲಾ? ರಾತ್ರಿ ಮೂರಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಬರಲ್ಲ.
— ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಬಳೆ. ಇವತ್ತು ರಾತ್ರಿ ಊಟ ಆದಮೇಲೆ ಮನೆಯವರಿಗೆ ಹೇಳಿಬಿಡಿ. ಬೈತಾರೆ, ಬೈಸಿಕೊಳ್ಳಿ. ಮೂರು ಗಂಟೆಗೆ ನಿಮ್ಮನ್ನು ಎಬ್ಬಿಸುತ್ತಿರುವುದರಲ್ಲಿ ಆ ಲಾಕರ್ ಸುಳ್ಳಿನ ಪಾಲೂ ಇದೆ ಅಂತ ನನಗೆ ಅನಿಸುತ್ತದೆ. ನಿದ್ದೆ ಇಲ್ಲದೆ ವಾರಗಳೇ ಆಗಿದ್ದರೆ, ಅಥವಾ ‘ನಾನೇ ಇಲ್ಲದಿದ್ದರೆ ವಾಸಿ’ ಎಂಬಂಥ ಯೋಚನೆ ಒಂದೇ ಒಂದು ಸಲ ಬಂದಿದ್ದರೂ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. 2022ರಿಂದ ಇದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆಯೂ ಇರುತ್ತಾರೆ. ಇದನ್ನು ಕೊನೆಗೆ ಬರೆಯೋಣ ಅಂತಿದ್ದೆ. ಮೊದಲೇ ಬರೆಯುವುದು ಸರಿ ಅನಿಸಿತು.

ಈಗ ನನ್ನ ಕಥೆ ಹೇಳುತ್ತೇನೆ. 2008ರ ನವೆಂಬರ್. ನಾವು ಲಾರಿ ಗೇರ್‌ಬಾಕ್ಸಿನ ಶಾಫ್ಟು ಮಾಡುತ್ತಿದ್ದೆವು. ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಲೆಹ್ಮನ್ ಬ್ರದರ್ಸ್ ಮುಳುಗಿತು ಅಂತ ಪೇಪರಿನಲ್ಲಿ ಓದಿದ್ದೆ. ಅಲ್ಲಿ ಬ್ಯಾಂಕು ಮುಳುಗಿದರೆ ಪೀಣ್ಯದ ಶೆಡ್ಡಿಗೇನು ಅಂದುಕೊಂಡಿದ್ದೆ. ಎರಡೇ ತಿಂಗಳಲ್ಲಿ ಲಾರಿ ಮಾರಾಟ ಬಿತ್ತು. ತಿಂಗಳಿಗೆ 6,000 ಇದ್ದ ಶಾಫ್ಟು 900ಕ್ಕೆ ಇಳಿಯಿತು. ಹೊಸದಾಗಿ ತಂದ ಎರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮಷಿನ್ನಿನ ಕಂತು ಮಾತ್ರ ಒಂದು ರೂಪಾಯಿಯೂ ಇಳಿಯಲಿಲ್ಲ. ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ನಾಗರಬಾವಿಯಲ್ಲಿ ಹೆಂಡತಿ ಹೆಸರಿನಲ್ಲಿದ್ದ ಸೈಟು ಅಡ ಇಡುವುದು, ಮಾರ್ಚ್‌ವರೆಗೆ ತಳ್ಳುವುದು. ಮಾರ್ಚ್‌ಗೆ ಎಲ್ಲ ಸರಿಹೋಗುತ್ತೆ ಅಲ್ವಾ!

ಆಗ ನಾವು ಐದು ಜನ ತಿಂಗಳಿಗೆ ಎರಡು ಗುರುವಾರ ಸಂಜೆ ಸೇರುತ್ತಿದ್ದೆವು. ಫೌಂಡ್ರಿಯವರೊಬ್ಬರು, ಪ್ಲೇಟಿಂಗ್ ಮಾಡುವವರೊಬ್ಬರು, ಪ್ರೆಸ್ ಟೂಲ್‌ನವರೊಬ್ಬರು, ಪ್ಲಾಸ್ಟಿಕ್ ಮೋಲ್ಡಿಂಗ್‌ನವರೊಬ್ಬರು, ನಾನು. ಶುರುವಾಗಿದ್ದು ಸುಮ್ನೆ ಟಿವಿಎಸ್ ಕ್ರಾಸ್ ಹತ್ತಿರ ಬೋಂಡಾ ತಿನ್ನುವುದಕ್ಕೆ. ಆಮೇಲೆ ಒಂದೊಂದು ಸಲ ಒಬ್ಬೊಬ್ಬರ ಶೆಡ್ಡಿನಲ್ಲಿ ಸೇರುವ ರೂಢಿ ಆಯಿತು. ಆ ಗುರುವಾರ ನನ್ನ ಸೈಟಿನ ಉಪಾಯ ಹೇಳಿದೆ. ಶಾಭಾಸ್ ಅಂತಾರೆ ಅಂದುಕೊಂಡಿದ್ದೆ.

ಫೌಂಡ್ರಿಯವರು ಕೇಳಿದರು: “ಮಾರ್ಚ್ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ನನ್ನ ಅಂದಾಜು.”

“ಮಾರ್ಚ್‌ನಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಆಗ ಏನು ಅಡ ಇಡ್ತೀರಿ?”

ನನಗೆ ಕೋಪ ಬಂತು. ಟೀ ಲೋಟ ಕೆಳಗಿಟ್ಟೆ. ಅಷ್ಟರಲ್ಲಿ, ಜಾಸ್ತಿ ಮಾತೇ ಆಡದ ಪ್ಲೇಟಿಂಗ್‌ನವರು ಕರೆಂಟ್ ಬಿಲ್ ತನ್ನಿ ಅಂದರು. ನಾನು ಬ್ಯಾಲೆನ್ಸ್ ಶೀಟ್ ತೋರಿಸೋಕೆ ಸಿದ್ಧ ಇದ್ದೆ, ಕರೆಂಟ್ ಬಿಲ್ ಯಾಕೆ? ಅವರು ಹೇಳಿದ್ದು ಇಷ್ಟು: ಬ್ಯಾಲೆನ್ಸ್ ಶೀಟು ಹೋದ ವರ್ಷದ್ದು, ಕರೆಂಟ್ ಬಿಲ್ಲು ಹೋದ ತಿಂಗಳದ್ದು. ಬಿಲ್ಲು ನೋಡಿದರೆ, ಮಷಿನ್ನುಗಳು ಓಡಿದ್ದು ಮೂರನೇ ಒಂದು ಭಾಗ. ಮಂಜೂರಾದ ಪೂರ್ತಿ ಲೋಡಿಗೆ ನಿಗದಿ ಶುಲ್ಕ ಮಾತ್ರ ಕಟ್ಟುತ್ತಲೇ ಇದ್ದೆ. ಆಗ ಪ್ರೆಸ್ ಟೂಲ್‌ನವರು ಕೇಳಿದ ಪ್ರಶ್ನೆಯನ್ನು ನಾನು ಇವತ್ತಿಗೂ ಬೇರೆಯವರಿಗೆ ಕೇಳುತ್ತಿರುತ್ತೇನೆ. “ಆ ಲಾರಿ ಗಿರಾಕಿ ಇನ್ಮೇಲೆ ಬರೋದೇ ಇಲ್ಲ ಅಂತ ಇಟ್ಕೊಳ್ಳಿ. ನಿಮ್ಮ ಶಾಪು ಎಷ್ಟು ದೊಡ್ಡದಿರ್ಬೇಕು?”

ಉತ್ತರ ಸರಳ ಇತ್ತು. ಅರ್ಧ. ಒಂದು ಸಿಎನ್‌ಸಿ ನಷ್ಟಕ್ಕೆ ಕೊಯಮತ್ತೂರಿನವರಿಗೆ ಮಾರಿದೆ. ಲೋಡು ಇಳಿಸೋಕೆ ಅರ್ಜಿ ಕೊಟ್ಟೆ. ಮೂರು ಪಾಳಿ ಒಂದಾಯಿತು. 27 ಜನರಲ್ಲಿ 11 ಜನರನ್ನು ಬಿಡಬೇಕಾಯಿತು. ಅದರಲ್ಲಿ ಆರು ಜನರನ್ನು ಆ ನಾಲ್ವರೇ ತಮ್ಮ ತಮ್ಮ ಶೆಡ್ಡಿಗೆ ಕರೆದುಕೊಂಡರು. ಉಳಿದ ಐದು ಜನಕ್ಕೆ ನಾನು ಏನೂ ಮಾಡಲಾಗಲಿಲ್ಲ, ಆ ಲೆಕ್ಕ ಇನ್ನೂ ಬಾಕಿ ಇದೆ. ಮಾರ್ಚ್‌ನಲ್ಲಿ ಏನೂ ಸರಿಹೋಗಲಿಲ್ಲ. ಆರ್ಡರು ವಾಪಸ್ ಬಂದಾಗ 2009ರ ದೀಪಾವಳಿ. ಸೈಟು ಅಡ ಇಟ್ಟಿದ್ದರೆ ಅಷ್ಟರಲ್ಲಿ ಹೋಗಿರುತ್ತಿತ್ತು. ಈಗ ಆ ಸೈಟಿನ ಮೇಲೆ ಕಟ್ಟಿದ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ.

ಆ ನಾಲ್ವರು ನನಗಿಂತ ಬುದ್ಧಿವಂತರೇನಲ್ಲ. ಆದರೆ ನನ್ನ ಸೈಟಿನಿಂದ ಅವರಿಗೆ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಬ್ಯಾಂಕಿನವರಿಗೆ ಅವರ ಸಾಲ ವಾಪಸ್ ಬರಬೇಕು. ಮಷಿನ್ ಮಾರುವವನಿಗೆ ಇನ್ನೊಂದು ಮಷಿನ್ ಹೋಗಬೇಕು. ಮನೆಯವರಿಗೆ ನೀವು ನಗಬೇಕು. ಕೆಲಸದವರಿಗೆ ಸಂಬಳ ಬರಬೇಕು. ಇವರೆಲ್ಲ ನಿಮ್ಮವರೇ. ಆದರೆ ನಿಮ್ಮ ನಿರ್ಧಾರದಲ್ಲಿ ಇವರೆಲ್ಲರಿಗೂ ಒಂದೊಂದು ಪಾಲಿದೆ. ಪಾಲೇ ಇಲ್ಲದ, ಆದರೆ ಖಾಲಿ ಖಾತೆ ಇಟ್ಟುಕೊಂಡು ಒಂದನೇ ತಾರೀಕಿನ ಸಂಬಳ ಕೊಟ್ಟು ಗೊತ್ತಿರುವ ಜನ ನಿಮಗೆ ಬೇಕು. ತುಮಕೂರಿನಲ್ಲಿ ಅಂಥ ನಾಲ್ಕು ಜನ ಸಿಗಲ್ವಾ? ಪೆಟ್ಟಿಗೆ ಕೊಳ್ಳುವವರು ಬೇಡ. ಕ್ರಾಫ್ಟ್ ಪೇಪರ್ ಮಾರುವವರೂ ಬೇಡ. ಪೆಟ್ಟಿಗೆಯನ್ನೇ ಮಾಡುವವರಂತೂ ಬೇಡವೇ ಬೇಡ. ಅಕ್ಕಿ ಗಿರಣಿಯವರು, ಬೇಕರಿಯವರು, ವರ್ಕ್‌ಶಾಪಿನವರು, ಯಾರಾದರೂ ಆಗಬಹುದು.

ಇದು ನಮ್ಮ ಕಂಡುಹಿಡಿತ ಅಲ್ಲ. 1905ರ ಫೆಬ್ರವರಿ 23ರಂದು ಷಿಕಾಗೊದಲ್ಲಿ ನಾಲ್ಕು ಜನ ಒಂದು ಕಚೇರಿಯಲ್ಲಿ ಸೇರಿದರು. ಒಬ್ಬ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಪಾಳಿ ಪ್ರಕಾರ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು. ಹಾಗೆ ಸುತ್ತು ಹಾಕುವುದಕ್ಕೇ ರೋಟರಿ ಅಂತ ಹೆಸರು ಬಂತು. ಒಂದು ಕಸುಬಿಗೆ ಒಬ್ಬರೇ ಅನ್ನುವ ನಿಯಮ ಬಹಳ ಕಾಲ ಇತ್ತು. ಆ ವಕೀಲ ಪಾಲ್ ಹ್ಯಾರಿಸ್. ನಮ್ಮ ಐವರಲ್ಲಿ ಯಾರಿಗೂ ಆಗ ಇದು ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದುದು ಬೋಂಡಾ ಒಂದೇ.

ಫೀಸಿನ ಗುಂಪಿನ ವಿಷಯ. ಈ ಪದ್ಧತಿಯೂ ಹಳೆಯದೇ. ಕಂಪನಿ ನಡೆಸುವ ಯುವಕರಿಗೆಂದು ವೈಪಿಒ ಅನ್ನುವ ಸಂಘ 1950ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾಯಿತು. ಈಗ ವಿಸ್ಟೇಜ್ ಅಂತ ಕರೆಯುವ ಸಂಸ್ಥೆ 1957ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿತು. ಅಲ್ಲೆಲ್ಲ ಸಣ್ಣ ಗುಂಪು ಕಟ್ಟಿ, ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಒಳಗಿನ ಮಾತು ಹೊರಗೆ ಹೋಗಬಾರದು. ನೀವು ಫೀಸು ಕೊಡುವುದು ಬುದ್ಧಿಗಲ್ಲ, ಆ ಶಿಸ್ತಿಗೆ. ಕೈಯಲ್ಲಿ ದುಡ್ಡಿದ್ದಾಗ ಅದು ದಂಡ ಅಂತ ನಾನು ಹೇಳಲ್ಲ. ಬಳೆ ಅಡದಲ್ಲಿರುವಾಗ ಬೇಡ. ಕೈಗಾರಿಕಾ ಸಂಘಗಳಿಗೆ ಖಂಡಿತ ಸೇರಿ. 1949ರಿಂದ ಇರುವ ಕಾಸಿಯಾ (ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘ), ವಿಶ್ವೇಶ್ವರಯ್ಯನವರು 1916ರಲ್ಲಿ ಶುರು ಮಾಡಿದ ಈಗಿನ ಎಫ್‌ಕೆಸಿಸಿಐ (ರಾಜ್ಯದ ವಾಣಿಜ್ಯ, ಕೈಗಾರಿಕಾ ಸಂಸ್ಥೆಗಳ ಒಕ್ಕೂಟ), ನಿಮ್ಮ ಊರಿನ ಸಂಘ. ತೆರಿಗೆ, ಕರೆಂಟ್ ದರ, ಸರ್ಕಾರದ ನಿಯಮ, ಇದಕ್ಕೆಲ್ಲ ಅವೇ ಸರಿಯಾದ ಜಾಗ. ಆದರೆ ನೂರು ಕುರ್ಚಿ ಹಾಕಿದ ಸಭಾಂಗಣದಲ್ಲಿ ‘ನನ್ನ ಸಂಬಳಕ್ಕೆ ದುಡ್ಡಿಲ್ಲ’ ಅಂತ ಯಾರೂ ಎದ್ದು ನಿಂತು ಹೇಳಲ್ಲ. ಅಲ್ಲಿ ಎಲ್ಲರ ವ್ಯಾಪಾರವೂ ಸೂಪರ್.

ನಾಲ್ಕು ಜನ ಸಿಕ್ಕಿದರೆ ಬರಿಗೈಯಲ್ಲಿ ಹೋಗಬೇಡಿ. ಒಂದು ಹಾಳೆ ತೆಗೆದುಕೊಳ್ಳಿ. ಯಾರಿಂದ ಎಷ್ಟು ಬರಬೇಕು, ಯಾವ ತಾರೀಕಿನಿಂದ. ಯಾರಿಗೆ ಎಷ್ಟು ಕೊಡಬೇಕು, ಯಾರು ಕಾಯುತ್ತಾರೆ, ಯಾರು ಕಾಯಲ್ಲ. ಆಮೇಲೆ ಮುಂದಿನ 13 ವಾರಕ್ಕೆ ವಾರವಾರದ ಲೆಕ್ಕ, ಒಳಗೆ ಬರುವುದು ಎಷ್ಟು, ಹೊರಗೆ ಹೋಗುವುದು ಎಷ್ಟು. ನಿಮ್ಮ ಕಾಗದದಲ್ಲಿ ದುಃಖ ಇದೆ, 41 ಲಕ್ಷ ಇದೆ, ಆದರೆ ಈ ಲೆಕ್ಕ ಇಲ್ಲ. ಹಾಗಾಗಿ ನಾನೂ ನಿಮಗೆ ಪೂರ್ತಿ ಉತ್ತರ ಕೊಡಲಾರೆ. ಕೆಲಸದವರ ಪಿಎಫ್ ಮುರಿದುಕೊಂಡು ಕಟ್ಟದೆ ಉಳಿಸಿಕೊಂಡಿದ್ದರೆ ಅದನ್ನೂ ಆ ಹಾಳೆಯಲ್ಲಿ ಬರೆಯಿರಿ. ಮುಚ್ಚಿಡುವ ಚಟ ಅಲ್ಲಿಂದಲೇ ಶುರುವಾಗುವುದು, ನನಗೆ ಗೊತ್ತು.

ಆ ನಾಲ್ವರಲ್ಲಿ ಒಬ್ಬರಾದರೂ ಹೇಳಬಹುದಾದ ಮಾತನ್ನು ನಾನೇ ಹೇಳಿಬಿಡುತ್ತೇನೆ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ನಿಮ್ಮಂಥ ಸಣ್ಣ ಘಟಕಕ್ಕೆ ಒಪ್ಪಂದ ಏನೇ ಇರಲಿ, 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಇದೆಯಾ, ಮಾಲು ಕಳಿಸುವ ಮೊದಲೇ ಮಾಡಿಸಿದ್ದಾ, ಮೊದಲು ನೋಡಿಕೊಳ್ಳಿ. ಇದ್ದರೆ, ಇಂಥ ಬಾಕಿಯ ದೂರು ಕೇಳುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ದೂರು ಕೊಟ್ಟರೆ ಗಿರಾಕಿ ಹೋಗುತ್ತಾನೆ ಅನ್ನುವ ಹೆದರಿಕೆ ನಿಮಗಿದೆ, ನನಗೂ ಇರುತ್ತಿತ್ತು. ಅದಕ್ಕೆ ಮೊದಲು ಇನ್ನೊಂದು ದಾರಿ ಇದೆ. ಸಣ್ಣ ಘಟಕಕ್ಕೆ ಸಮಯಕ್ಕೆ ಕೊಡದ ದುಡ್ಡನ್ನು, ಅದನ್ನು ನಿಜವಾಗಿ ಕೊಡುವ ವರ್ಷದವರೆಗೆ, ಕೊಳ್ಳುವವರು ಖರ್ಚು ಅಂತ ತೋರಿಸುವ ಹಾಗಿಲ್ಲ. 2024–25ರ ಅಸೆಸ್‌ಮೆಂಟ್ (ತೆರಿಗೆ ಲೆಕ್ಕ ಹಾಕುವ) ವರ್ಷದಿಂದ ಆದಾಯ ತೆರಿಗೆಯಲ್ಲಿ ಈ ನಿಯಮ ಬಂದಿದೆ. ಅವರ ಪರ್ಚೇಸ್‌ನವರನ್ನು ಬಿಟ್ಟು ಅಕೌಂಟ್ಸ್‌ನವರ ಹತ್ತಿರ ವಿನಯವಾಗಿ ಈ ವಿಷಯ ಎತ್ತಿ. ಲೆಕ್ಕದ ವರ್ಷ ಮುಗಿಯುವ ಮಾರ್ಚ್ ಹತ್ತಿರ ಬಂದ ಹಾಗೆ ಅವರಿಗೆ ನಿಮ್ಮ ಮೇಲೆ ಪ್ರೀತಿ ಬರುತ್ತದೆ.

ಬ್ಯಾಂಕಿಗೂ ನೀವೇ ಮೊದಲು ಹೋಗಿ. ಖಾತೆ 90 ದಿನ ಸತತ ಮಿತಿ ಮೀರಿಯೇ ಇದ್ದರೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಅಷ್ಟರೊಳಗೆ ಹೋದರೆ ನೀವು ಗಿರಾಕಿ, ಆಮೇಲೆ ಹೋದರೆ ವಸೂಲಿ ಕೇಸು. 25 ಕೋಟಿವರೆಗೆ ಸಾಲ ಇರುವ ಸಣ್ಣ, ಮಧ್ಯಮ ಉದ್ಯಮಗಳಿಗೆ ರಿಸರ್ವ್ ಬ್ಯಾಂಕ್ 2016ರಲ್ಲಿ ಒಂದು ಪುನಶ್ಚೇತನ ವ್ಯವಸ್ಥೆ ಮಾಡಿದೆ. ಅದಕ್ಕೆ ಮಾಲೀಕರೇ ಮುಂದಾಗಿ ಅರ್ಜಿ ಕೊಡಬಹುದು. ಬಾಯಿಬಿಟ್ಟು ಕೇಳಿ.

ಭಾವಮೈದನ ವಿಷಯದಲ್ಲಿ ನಾನು ನಿಮ್ಮ ಪಕ್ಷ ಅಲ್ಲ. ಅವರು ಪಾರ್ಟ್ನರ್. ಪಾಲುದಾರರು ಒಬ್ಬರಿಗೊಬ್ಬರು ಸರಿಯಾದ ಲೆಕ್ಕ ಕೊಡಬೇಕು ಅಂತ 1932ರ ಕಾಯ್ದೆಯೇ ಹೇಳುತ್ತದೆ. ಸಂಸ್ಥೆಯ ಸಾಲಕ್ಕೆ ಅವರ ಸ್ವಂತ ಆಸ್ತಿಯೂ ಹೊಣೆ. ನಾಳೆ ನೋಟಿಸು ಅವರ ಬಾಗಿಲಿಗೂ ಹೋಗುತ್ತದೆ. ಅದಕ್ಕಿಂತ ಮೊದಲು ನೀವು ಹೋಗಿ. ಈ ವಾರ ಆ ನಾಲ್ವರ ಹತ್ತಿರ ಕೂತು ಲೆಕ್ಕ ಸರಿಮಾಡಿಕೊಳ್ಳಿ, ಮುಂದಿನ ವಾರ ಅದೇ ಹಾಳೆ ಹಿಡಿದು ಭಾವಮೈದನ ಮನೆಗೆ. ಅಳುತ್ತ ಹೋದರೆ ಮಾವನ ಮನೆಗೆಲ್ಲ ಸುದ್ದಿ. ಹಾಳೆ ಹಿಡಿದು ಹೋದರೆ ಅದು ವ್ಯವಹಾರದ ಮಾತು.

ಪ್ರಶ್ನೆ: ನನ್ನ ಆಪ್ತ ಸ್ನೇಹಿತರೂ ನನ್ನ ಹಾಗೆಯೇ ಪೈಪ್ ಫಿಟ್ಟಿಂಗ್ ಮಾಡುತ್ತಾರೆ. ಕಷ್ಟ ಸುಖ ಅವರಿಗೇ ಜಾಸ್ತಿ ಅರ್ಥ ಆಗುತ್ತದೆ. ರೇಟು ಬೀಳದ ಹಾಗೆ ಇಬ್ಬರೂ ಮಾತಾಡಿಕೊಂಡರೆ ತಪ್ಪೇ?
— ಓದುಗರು, ದಾವಣಗೆರೆ

ಉತ್ತರ: ತಪ್ಪು. 2002ರ ಸ್ಪರ್ಧಾ ಕಾಯ್ದೆಯಲ್ಲಿ ಪೈಪೋಟಿಗಾರರು ಸೇರಿ ದರ ನಿಗದಿ ಮಾಡುವುದು ನಿಷಿದ್ಧ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಟೆಂಡರಿನಲ್ಲಿ ಮಾತಾಡಿಕೊಂಡು ಬರೆಯುವುದೂ ಅಷ್ಟೇ. ಕರೆಂಟು, ಕೂಲಿ, ಮಕ್ಕಳ ಮದುವೆ, ಬ್ಯಾಂಕಿನವರ ಕಾಟ, ಇವೆಲ್ಲ ಮಾತಾಡಿ. ರೇಟು ಬಂದ ಕೂಡಲೇ ಟೀ ತರಿಸಿ.

ಪ್ರಶ್ನೆ: ಮಾವನವರು ತೀರಿಕೊಂಡ ಮೇಲೆ ಅಗರಬತ್ತಿ ಘಟಕ ನಾನೇ ನೋಡಿಕೊಳ್ಳುತ್ತಿದ್ದೇನೆ. ಯಜಮಾನರು ಬೇರೆ ಕೆಲಸದಲ್ಲಿದ್ದಾರೆ. ಇಲ್ಲಿನ ವ್ಯಾಪಾರಿಗಳು ಸೇರುವುದು ರಾತ್ರಿ ಎಂಟರ ಮೇಲೆ, ಕ್ಲಬ್ಬಿನಲ್ಲಿ, ಗ್ಲಾಸು ಹಿಡಿದುಕೊಂಡು. ಒಂದು ಸಲ ಯಜಮಾನರ ಜೊತೆ ಹೋದೆ. ಪ್ರಶ್ನೆ ಕೇಳಿದ್ದು ನಾನು, ಉತ್ತರ ಕೊಟ್ಟಿದ್ದು ಅವರಿಗೆ! ನಾನು ಎಲ್ಲಿಗೆ ಹೋಗಲಿ?
— ಓದುಗರು, ಮೈಸೂರು

ಉತ್ತರ: ಅಮ್ಮಾ, ನಮ್ಮ ಐವರಲ್ಲೂ ಒಬ್ಬ ಹೆಣ್ಣುಮಗಳಿರಲಿಲ್ಲ. ಕರೆಯಬೇಕು ಅಂತ ನಮಗೆ ಹೊಳೆಯಲೂ ಇಲ್ಲ. ಮೋಲ್ಡಿಂಗ್‌ನವರ ಶೆಡ್ಡಿನಲ್ಲಿ ಸೇರಿದ ದಿನ ಅವರ ಮನೆಯವರು ಪಕ್ಕದ ಕೋಣೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಂದು ಸಲ ಅವರು ಅಲ್ಲಿಂದಲೇ ಕೂಗಿ ಹೇಳಿದರು, “ನೀವು ಐದೂ ಜನ ಬಡ್ಡಿ ಲೆಕ್ಕ ಹಾಕೋದನ್ನೇ ಮರೆತಿದ್ದೀರಿ” ಅಂತ. ನಿಜ, ಮರೆತಿದ್ದೆವು. ಆಮೇಲೂ ಅವರಿಗೆ ಕುರ್ಚಿ ಹಾಕಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ. ಮೇಲೆ ಹೊಗಳಿದ ರೋಟರಿಯೂ ಅಷ್ಟೇ. ಹೆಂಗಸರನ್ನು ಸೇರಿಸಿಕೊಳ್ಳುವ ವಿಷಯಕ್ಕೆ ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ತೀರ್ಪು ಕೊಡಬೇಕಾಯಿತು, 1989ರಲ್ಲಿ ನಿಯಮ ಬದಲಾಯಿತು.

ನಿಮಗೆ ಕ್ಲಬ್ಬು ಬೇಕಿಲ್ಲ. 1983ರಲ್ಲಿ ಬೆಂಗಳೂರಿನಲ್ಲಿ ಕೆಲವು ಮಹಿಳಾ ಉದ್ಯಮಿಗಳೇ ಸೇರಿ ‘ಅವೇಕ್’ ಅನ್ನುವ ಸಂಘ ಕಟ್ಟಿದರು. ಉದ್ಯಮ ನಡೆಸಿ ಗೊತ್ತಿರುವವರೇ ಇನ್ನೊಬ್ಬ ಉದ್ಯಮಿಗೆ ದಾರಿ ತೋರಿಸಬೇಕು ಅನ್ನುವುದು ಅವರ ಪದ್ಧತಿ. ಅವರನ್ನು ಒಂದು ಸಲ ವಿಚಾರಿಸಿ. ಜೊತೆಗೆ ಮೈಸೂರಿನಲ್ಲೇ ನಾಲ್ಕು ಜನರನ್ನು ಹುಡುಕಿ. ಮಧ್ಯಾಹ್ನ ಎರಡಕ್ಕೆ, ಮಕ್ಕಳು ಶಾಲೆಯಿಂದ ಬರುವ ಮೊದಲು ಸೇರಿ. ಬ್ಯೂಟಿ ಪಾರ್ಲರ್ ನಡೆಸುವವರು, ಕೇಟರಿಂಗ್ ಮಾಡುವವರು, ನರ್ಸರಿ ಶಾಲೆ ನಡೆಸುವವರು ಅಂತ ಬಿಡಬೇಡಿ. ಜೂನ್‌ನಲ್ಲಿ ಬರುವ ಫೀಸನ್ನು ಏಪ್ರಿಲ್‌ವರೆಗೆ ಎಳೆಯುವ ವಿದ್ಯೆ ಶಾಲೆ ನಡೆಸುವವರಿಗೆ ಗೊತ್ತಿದ್ದಷ್ಟು ನಮಗೆ ಯಾರಿಗೂ ಗೊತ್ತಿಲ್ಲ.

ಇನ್ನೊಂದು. ನಿಮ್ಮ ಬತ್ತಿ ಹೊಸೆಯುವ ಹೆಂಗಸರಲ್ಲಿ ಮಾವನವರ ಕಾಲದಿಂದ ಇರುವವರು ಯಾರಾದರೂ ಇದ್ದರೆ, ಕೆಟ್ಟ ವರ್ಷ ಬಂದಾಗ ಅವರು ಏನು ಮಾಡುತ್ತಿದ್ದರು ಅಂತ ಕೇಳಿ ನೋಡಿ. ಪುಸ್ತಕದಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ಮೂವರು ಹಿತೈಷಿಗಳನ್ನು ಕೇಳಿದೆ. ಒಬ್ಬರು ಅಂಗಡಿ ಮುಚ್ಚು ಅಂದರು, ಒಬ್ಬರು ಇನ್ನೊಂದು ತೆಗೆ ಅಂದರು, ಒಬ್ಬರು ದೇವರಿಗೆ ಬಿಡು ಅಂದರು. ಈಗ ಮೊದಲಿಗಿಂತ ಗೊಂದಲ. ಇದರಿಂದ ಏನು ಪ್ರಯೋಜನ?
— ಓದುಗರು, ಹಾಸನ

ಉತ್ತರ: ನೀವು ಕೇಳಿದ್ದು ‘ಏನು ಮಾಡಲಿ’ ಅಂತ. ಹಾಗೆ ಕೇಳಿದರೆ ಎಲ್ಲರೂ ತಾವು ಏನು ಮಾಡುತ್ತಿದ್ದರು ಅಂತ ಹೇಳುತ್ತಾರೆ. ನಿಮ್ಮ ಅಂಗಡಿ ಅವರದಲ್ಲ. ಬದಲಿಗೆ ‘ನನ್ನ ಲೆಕ್ಕದಲ್ಲಿ ನನಗೆ ಕಾಣದೆ ಇರುವುದು ಏನು’ ಅಂತ ಕೇಳಿ. ಸಲಹೆಗಳು ಜಗಳ ಆಡುತ್ತವೆ, ಪ್ರಶ್ನೆಗಳು ಆಡಲ್ಲ.

1985ರಲ್ಲಿ ಅಮೆರಿಕದ ಇಂಟೆಲ್ ಕಂಪನಿ ಕಷ್ಟದಲ್ಲಿತ್ತು. ಅವರದು ಮೆಮೊರಿ ಚಿಪ್ಪಿನ ವ್ಯಾಪಾರ. ಜಪಾನಿನವರು ಅದನ್ನು ಇನ್ನೂ ಅಗ್ಗಕ್ಕೆ, ಇನ್ನೂ ಚೆನ್ನಾಗಿ ಮಾಡುತ್ತಿದ್ದರು. ಕಂಪನಿ ನಡೆಸುತ್ತಿದ್ದ ಆಂಡಿ ಗ್ರೋವ್ ಮತ್ತು ಗಾರ್ಡನ್ ಮೂರ್ ಇಬ್ಬರೂ ಒಂದು ವರ್ಷ ಗೊಂದಲದಲ್ಲೇ ಕಳೆದಿದ್ದರು. ಒಂದು ದಿನ ಗ್ರೋವ್ ಕೇಳಿದರು, ನಮ್ಮಿಬ್ಬರನ್ನೂ ಹೊರಗೆ ಹಾಕಿ ಹೊಸಬನನ್ನು ತಂದರೆ ಅವನು ಏನು ಮಾಡುತ್ತಾನೆ ಅಂತ. ಮೆಮೊರಿ ಬಿಟ್ಟುಬಿಡುತ್ತಾನೆ ಅಂದರು ಮೂರ್. ಹಾಗಾದರೆ ನಾವೇ ಬಾಗಿಲಿನಿಂದ ಹೊರಗೆ ಹೋಗಿ, ಮತ್ತೆ ಒಳಗೆ ಬಂದು ಅದನ್ನೇ ಮಾಡೋಣ ಅಂದರು ಗ್ರೋವ್. ಮೆಮೊರಿ ಬಿಟ್ಟು, ಕಂಪ್ಯೂಟರಿನ ಮಿದುಳಿನಂಥ ಮೈಕ್ರೊಪ್ರೊಸೆಸರ್ ಹಿಡಿದರು. ಆಮೇಲಿನದು ನಮ್ಮ ನಿಮ್ಮ ಮನೆಯ ಕಂಪ್ಯೂಟರಿನ ಮೇಲೆ ಅಂಟಿಸಿದ ‘ಇಂಟೆಲ್ ಇನ್‌ಸೈಡ್’ ಚೀಟಿಯಲ್ಲೇ ಇತ್ತು. ನೋಡಿ, ಅಲ್ಲಿ ಯಾರೂ ಸಲಹೆ ಕೊಡಲಿಲ್ಲ. ನಮ್ಮ ಪ್ರೆಸ್ ಟೂಲ್‌ನವರು ಇಂಟೆಲ್ ಕಥೆ ಕೇಳಿದವರಲ್ಲ, ಆದರೂ ಅವರು ಕೇಳಿದ್ದು ಅದೇ ಜಾತಿಯ ಪ್ರಶ್ನೆ.

ಹಾಗಂತ ಗುಂಪು ಹೇಳಿದ್ದೆಲ್ಲ ಸರಿ ಅಲ್ಲ. 2012ರಲ್ಲಿ ನನಗೆ ಆಸ್ಪತ್ರೆ ಉಪಕರಣದ ಬಿಡಿಭಾಗದ ಆರ್ಡರು ಬಂತು. ಚಿಕ್ಕ ಆರ್ಡರು, ರಾಶಿ ಕಾಗದಪತ್ರ. ನಾಲ್ಕೂ ಜನ ಬೇಡ ಅಂದರು. ನನಗೆ ಒಳಗೊಳಗೇ ಆಸೆ ಇತ್ತು, ಆದರೂ ಬಿಟ್ಟೆ. ನಾಲ್ಕು ಜನ ಒಂದೇ ಮಾತು ಹೇಳುವಾಗ ಐದನೆಯವನಿಗೆ ಎದ್ದು ನಿಲ್ಲುವ ಧೈರ್ಯ ಬರಲ್ಲ. ಹಿಂದಿನ ರಸ್ತೆಯವರು ಅದನ್ನು ತೆಗೆದುಕೊಂಡರು. ಈಗ ಅವರಿಗೆ ಮೂರು ಶೆಡ್ಡಿದೆ. ನಾವೆಲ್ಲ ಲಾರಿ, ಪಂಪು ಮಾಡಿದವರು, ಆಸ್ಪತ್ರೆ ಕೆಲಸ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದಲ್ಲೂ ನಾವು ಗೊತ್ತಿದ್ದಷ್ಟೇ ಗಟ್ಟಿಯಾಗಿ ಮಾತಾಡಿದೆವು. ನಿಮ್ಮ ಮೂವರಲ್ಲಿ ಅಂಗಡಿ ಮುಚ್ಚಿ ನೋಡಿದವರು ಯಾರು, ಎರಡನೇ ಅಂಗಡಿ ತೆಗೆದು ನೋಡಿದವರು ಯಾರು? ಮೂರನೆಯವರನ್ನು ಬಿಡಿ, ಅವರ ಸಲಹೆಗೆ ಖರ್ಚಿಲ್ಲ.

ಪ್ರಶ್ನೆ: ಹೇಳಿಕೊಂಡ ಮಾತು ಊರೆಲ್ಲ ಆದರೆ?
— ಓದುಗರು, ಶಿವಮೊಗ್ಗ

ಉತ್ತರ: ಆಗುತ್ತದೆ. ನಮಗೂ ಆಗಿದೆ. 2010ರಲ್ಲಿ ಆರನೆಯವರೊಬ್ಬರನ್ನು ಸೇರಿಸಿಕೊಂಡೆವು. ಒಳ್ಳೇ ಮನುಷ್ಯ, ಬಾಯಿ ಮಾತ್ರ ಸಡಿಲ. ಫೌಂಡ್ರಿಯವರ ಕಂತು ತಪ್ಪಿದೆ ಅನ್ನುವ ಮಾತನ್ನು ಒಂದು ಕಬ್ಬಿಣದ ಅಂಗಡಿಯ ಕೌಂಟರಿನಲ್ಲಿ ಅಯ್ಯೋ ಪಾಪ ಅಂತ ಕನಿಕರದಿಂದಲೇ ಹೇಳಿದರು. ಅವತ್ತಿನಿಂದ ಎಂಟು ದಿನ ಫೌಂಡ್ರಿಯವರಿಗೆ ಯಾರೂ ಉದ್ರಿ ಕೊಡಲಿಲ್ಲ. ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ. ಸ್ನೇಹಿತರಿಗೆ ಹೇಳಿದ್ದಕ್ಕೆ ಇಲ್ಲ. ಕೋರ್ಟು ಕಚೇರಿ ತನಕ ಹೋಗುವ ವಿಷಯ ಇದ್ದರೆ ಮೊದಲು ವಕೀಲರು, ಆಮೇಲೆ ಗುರುವಾರ.

ಹೊಸಬರನ್ನು ಪರೀಕ್ಷೆ ಮಾಡಲು ನಾನು ಕಂಡ ಒಂದೇ ದಾರಿ, ಅವರು ಬೇರೆಯವರ ವಿಷಯ ನಿಮ್ಮ ಹತ್ತಿರ ಹೇಗೆ ಮಾತಾಡುತ್ತಾರೆ ಅಂತ ಕೇಳಿಸಿಕೊಳ್ಳುವುದು. ಆರನೆಯವರು ಮೊದಲ ದಿನವೇ ಪಕ್ಕದ ಶೆಡ್ಡಿನವರ ಸಾಲದ ಕಥೆ ಹೇಳಿದ್ದರು. ನಾವು ಕಿವಿಗೊಟ್ಟು ಕೇಳಿದ್ದೆವು.

ಪ್ರಶ್ನೆ: ನನ್ನದು ತಿರುಗುಮುರುಗು. ಸ್ನೇಹಿತರೊಬ್ಬರು ಕಷ್ಟದಲ್ಲಿದ್ದಾರೆ, ಪ್ರತಿ ವಾರ ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಈಗ ಬ್ಯಾಂಕ್ ಸಾಲಕ್ಕೆ ಜಾಮೀನು ಸಹಿ ಕೇಳುತ್ತಿದ್ದಾರೆ. ಇಲ್ಲ ಅನ್ನೋಕೆ ಬಾಯಿ ಬರುತ್ತಿಲ್ಲ.
— ಓದುಗರು, ಹುಬ್ಬಳ್ಳಿ

ಉತ್ತರ: ಸಹಿ ಹಾಕಿದ ದಿನವೇ ನಿಮ್ಮ ಸಲಹೆ ಮುಗಿಯಿತು. ಆಮೇಲೆ ಅವರು ‘ಘಟಕ ಮುಚ್ಚಲಾ?’ ಅಂತ ಕೇಳಿದರೆ ನಿಮ್ಮ ತಲೆಯಲ್ಲಿ ಮೊದಲು ಓಡುವುದು ನಿಮ್ಮ ಮನೆ, ಅವರ ಘಟಕ ಅಲ್ಲ. ಕಾನೂನೂ ಹಾಗೇ ಇದೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಮಾತು ಬರೆದಿರದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಬ್ಯಾಂಕಿನವರು ಮೊದಲು ಅವರ ಬಾಗಿಲು ತಟ್ಟಿ ಆಮೇಲೆ ನಿಮ್ಮಲ್ಲಿಗೆ ಬರಬೇಕು ಅಂತ ಏನಿಲ್ಲ.

ನಾನು ಒಂದು ಸಲ ಹಾಕಿದ್ದೆ. ಗುರುವಾರದವರಲ್ಲೇ ಒಬ್ಬರಿಗೆ, ಯಾರು ಅಂತ ಬೇಡ. ಅವರು ಕೊನೆಗೆ ಪೂರ್ತಿ ತೀರಿಸಿದರು, ನನ್ನ ಒಂದು ರೂಪಾಯಿ ಹೋಗಲಿಲ್ಲ. ಆದರೆ ತೀರುವ ತನಕದ ಎರಡು ವರ್ಷ ಅವರು ನನ್ನ ಮುಂದೆ ನಿಜ ಹೇಳುವುದನ್ನು ಬಿಟ್ಟರು. ವ್ಯಾಪಾರ ಹೇಗಿದೆ ಅಂದರೆ ‘ಚೆನ್ನಾಗಿದೆ’ ಅನ್ನುತ್ತಿದ್ದರು. ನಾನು ಅವರ ಶೆಡ್ಡಿನ ಮುಂದೆ ಸ್ಕೂಟರ್ ನಿಧಾನ ಮಾಡಿ, ಒಳಗೆ ಮಷಿನ್ ಓಡುವ ಸದ್ದು ಕೇಳುತ್ತಾ ಅಂತ ಕಿವಿಗೊಟ್ಟು ಹೋಗುತ್ತಿದ್ದೆ.